ಟೆಕ್ ಲೀಡ್ ಆಗಿ ಎಂಟು ತಿಂಗಳು, ರಾತ್ರಿ ಇನ್ನೂ ನಾನೇ ಕೋಡ್ ಬರೆಯುತ್ತಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಕತ್ರಿಗುಪ್ಪೆ_ಕೋಡರ್

ಎಲ್ಲರಿಗೂ ನಮಸ್ಕಾರ. ನನಗೆ 11 ವರ್ಷದ ಅನುಭವ. ಮೊದಲಿಂದಲೂ ಜಾವಾ ಬ್ಯಾಕೆಂಡ್, ಕಳೆದ 4 ವರ್ಷದಿಂದ ಪೇಮೆಂಟ್ ಕೆಲಸ. ಮನೆ ಕತ್ರಿಗುಪ್ಪೆ, ಆಫೀಸ್ ಔಟರ್ ರಿಂಗ್ ರೋಡ್. ಎಂಟು ತಿಂಗಳ ಹಿಂದೆ ಟೆಕ್ ಲೀಡ್ ಮಾಡಿದರು. ಟೀಮಿನಲ್ಲಿ 7 ಜನ ಇದ್ದಾರೆ.

ಹಗಲೆಲ್ಲ ಮೀಟಿಂಗ್, ರಿವ್ಯೂ, ಯಾರಿಗೋ ಏನೋ ಅಡ್ಡಿ. ರಾತ್ರಿ ಊಟ ಮುಗಿಸಿ 10 ಗಂಟೆಗೆ ಲ್ಯಾಪ್‌ಟಾಪ್ ತೆಗೆದರೆ ಮಲಗುವಾಗ 1 ಗಂಟೆ. ಕಷ್ಟದ ಕೆಲಸ ಎಲ್ಲ ನಾನೇ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಬೇರೆಯವರಿಗೆ ಕೊಟ್ಟರೆ 5 ದಿನ ಆಗುತ್ತದೆ, ನಾನು ಕೂತರೆ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಹೋದ ವಾರ ಮ್ಯಾನೇಜರ್ ಕರೆದು, ಕೆಲಸ ಚೆನ್ನಾಗಿದೆ, ಆದರೆ ನೀವು ಇನ್ನೂ ಸೀನಿಯರ್ ಇಂಜಿನಿಯರ್ ತರಾನೇ ಇದ್ದೀರಿ ಎಂದರು. ಏನು ಬದಲಾಗಬೇಕು ಅಂತ ಕೇಳಿದೆ. ಸ್ವಲ್ಪ ದೊಡ್ಡದಾಗಿ ಯೋಚನೆ ಮಾಡಿ ಎಂದರು. ದೊಡ್ಡದಾಗಿ ಅಂದರೆ ಏನು? ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ ನಾನು ಏನು ಬೇರೆ ಮಾಡಬೇಕು? ಈ ದಾರಿಯಲ್ಲಿ ಹೋದವರು ಯಾರಾದರೂ ಬಿಡಿಸಿ ಹೇಳಿ.

ತುಮಕೂರು_ಪ್ಯಾಸೆಂಜರ್

ಆ 5 ದಿನ ಕೊಟ್ಟುಬಿಡಿ. ಅಷ್ಟೇ.

ಬನ್ನೇರುಘಟ್ಟ_ಬ್ಯಾಕೆಂಡ್

ಹೇಳುವುದು ಸುಲಭ ಗುರು. ನಾನು ಸರ್ವಿಸ್ ಕಂಪನಿಯಲ್ಲಿದ್ದೇನೆ. ಕ್ಲೈಂಟ್ ಜೊತೆ ತಾರೀಕು ಮೊದಲೇ ಒಪ್ಪಿಕೊಂಡಿರುತ್ತಾರೆ, ಅದನ್ನು ಒಪ್ಪಿಕೊಂಡವರು ನಾವಲ್ಲ. ಅಲ್ಲಿ ಒಬ್ಬ ಹುಡುಗ ಕಲಿಯಲಿ ಅಂತ 5 ದಿನ ಕೊಟ್ಟು ರಿಲೀಸ್ ತಪ್ಪಿದರೆ ಎಸ್ಕಲೇಷನ್, ಅಂದರೆ ಮೇಲಿನವರಿಗೆ ಹೋಗುವ ದೂರು, ಯಾರ ಮೇಲೆ ಬರುತ್ತದೆ? ಲೀಡ್ ಮೇಲೆ. ಅಪ್ರೈಸಲ್‌ನಲ್ಲಿ ಅದೇ ಬರೆಯುತ್ತಾರೆ. ಕತ್ರಿಗುಪ್ಪೆ ಸಾರ್ ಮಾಡುತ್ತಿರುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ, ಬೇರೆ ದಾರಿ ಇಲ್ಲದೆ ಮಾಡುತ್ತಿದ್ದಾರೆ.

ತುಮಕೂರು_ಪ್ಯಾಸೆಂಜರ್

ಎಲ್ಲ ಕೆಲಸಕ್ಕೂ ತಾರೀಕು ತಲೆ ಮೇಲೆ ಕೂತಿರುವುದಿಲ್ಲ ಅಲ್ವಾ? ಹತ್ತರಲ್ಲಿ ಎರಡಕ್ಕೆ ನಿಜವಾದ ಅರ್ಜೆಂಟ್ ಇರುತ್ತದೆ. ಉಳಿದ ಎಂಟನ್ನೂ ಅದೇ ಭಯದಲ್ಲಿ ನಾವೇ ಇಟ್ಟುಕೊಳ್ಳುತ್ತೇವೆ. ನಾನೂ 3 ವರ್ಷ ಹಾಗೇ ಮಾಡಿದೆ. ಕೊನೆಗೆ ಟೀಮಿನ ಅತಿ ಒಳ್ಳೆಯ ಇಬ್ಬರು ಬಿಟ್ಟು ಹೋದರು. ಹೋಗುವ ದಿನ ಒಬ್ಬಳು ನೇರವಾಗಿ ಹೇಳಿದಳು, ಇಲ್ಲಿ ಕಷ್ಟದ ಕೆಲಸ ನಮಗೆ ಯಾವತ್ತೂ ಸಿಗಲಿಲ್ಲ ಅಂತ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಸಂಜೆಮಲ್ಲಿಗೆ

ನಾನು 16 ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಈಗ ಎರಡು ಟೀಮ್ ನೋಡಿಕೊಳ್ಳುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಬಿಟ್ಟುಕೊಡುವುದನ್ನು ಕಲಿಸಿದ್ದು ಯಾವ ಟ್ರೈನಿಂಗೂ ಅಲ್ಲ, ಹೆರಿಗೆ ರಜೆ. 2017ರಲ್ಲಿ ಕಾನೂನು ಬದಲಾಗಿ ರಜೆ 26 ವಾರ ಆಯಿತಲ್ಲ, ನನ್ನ ಮಗಳು ಹುಟ್ಟಿದ್ದು ಅದರ ಮುಂದಿನ ವರ್ಷ. ಆಗ ನಾನು ಬ್ಯಾಂಕ್ ಸೆಟ್ಲ್‌ಮೆಂಟ್, ಅಂದರೆ ಪಾವತಿಗಳ ಲೆಕ್ಕ ಚುಕ್ತಾ ಮಾಡುವ ಕೋಡ್ ನೋಡುತ್ತಿದ್ದೆ. ಆರು ತಿಂಗಳು ನಾನು ಇರುವುದಿಲ್ಲ ಅಂದಾಗ ಮೊದಲ ಸಲ ಒಂದು ಹಾಳೆ ತೆಗೆದುಕೊಂಡು, ನನಗೊಬ್ಬಳಿಗೇ ಗೊತ್ತಿರುವುದು ಏನೇನು ಅಂತ ಬರೆಯಲು ಕೂತೆ. 19 ವಿಷಯ ಬಂದವು. ಯಾವ ಬ್ಯಾಂಕಿನ ಫೈಲ್ ತಡವಾಗಿ ಬರುತ್ತದೆ, ಯಾವ ಜಾಬ್ ಅರ್ಧಕ್ಕೆ ನಿಂತರೆ ಮೊದಲಿಂದ ಓಡಿಸಬಾರದು, ಯಾವ ಟೇಬಲ್ ಮುಟ್ಟಿದರೆ ರಿಪೋರ್ಟ್ ಕೆಡುತ್ತದೆ, ಇಂಥವೇ. ನೋಡಿ ನನಗೇ ಭಯ ಆಯಿತು. ನಾಳೆ ನನಗೆ ಏನಾದರೂ ಆದರೆ ಈ ಟೀಮಿನ ಗತಿ ಏನು ಅಂತ.

ಕೊನೆಯ ಎರಡು ತಿಂಗಳು ಕೀಬೋರ್ಡ್ ಮುಟ್ಟಲಿಲ್ಲ. ಪ್ರತಿ ರಿಲೀಸನ್ನೂ ಬೇರೆ ಯಾರೋ ಮಾಡಿದರು, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವರು ತಪ್ಪು ಕಮಾಂಡ್ ಹೊಡೆಯುವ ಮುಂಚೆ ಬಾಯಿ ಬಿಡದೆ ಕೂರುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ಪ್ರೊಡಕ್ಷನ್, ಅಂದರೆ ಗ್ರಾಹಕರು ಬಳಸುತ್ತಿರುವ ಸಿಸ್ಟಮ್, ಕೆಡುವ ಹಾಗಿದ್ದರೆ ಮಾತ್ರ ಮಾತಾಡಬೇಕು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ.

ವಾಪಸ್ ಬಂದಾಗ ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಮೊದಲ ದಿನ ಊಟದ ಹೊತ್ತಿಗೆ ಅಳು ಬಂತು. ಇನ್ನು ನಾನು ಯಾರಿಗೂ ಬೇಡ ಅನ್ನಿಸಿತು. ಆದರೆ ಆ ವಾರವೇ ಡೈರೆಕ್ಟರ್ ಕರೆದು ಇನ್ನೊಂದು ಟೀಮನ್ನೂ ನೋಡಿಕೊಳ್ಳಿ ಎಂದರು. ಕೈ ಖಾಲಿ ಇದ್ದದ್ದಕ್ಕೇ ಅದು ಸಿಕ್ಕಿತು.

ಕತ್ರಿಗುಪ್ಪೆ_ಕೋಡರ್

ಮೇಡಂ, ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಒಂದು ಪ್ರಶ್ನೆ. ನೀವಿಲ್ಲದ ಆರು ತಿಂಗಳಲ್ಲಿ ಏನೂ ಕೆಡಲಿಲ್ಲವಾ?

ಸಂಜೆಮಲ್ಲಿಗೆ

ಕೆಟ್ಟಿತು. ಎರಡು ಸಲ. ಒಂದು ಸಲ ಒಂದೇ ಸೆಟ್ಲ್‌ಮೆಂಟ್ ಫೈಲ್ ಬ್ಯಾಂಕಿಗೆ ಎರಡು ಬಾರಿ ಹೋಯಿತು. ಬ್ಯಾಂಕಿನವರೇ ಹಿಡಿದರು, ದುಡ್ಡು ಹೋಗಲಿಲ್ಲ. ನನಗೆ ಫೋನ್ ಮಾಡಲಿಲ್ಲ, ಅವರೇ ಕೂತು ಯಾಕಾಯಿತು ಅಂತ ಬರೆದರು. ಯಾರು ಮಾಡಿದರು ಅಂತ ಅದರಲ್ಲಿ ಇರಲೇ ಇಲ್ಲ. ಅದೇ ಫೈಲ್ ಎರಡನೇ ಸಲ ಹೋಗಲು ಸಿಸ್ಟಮ್ ಹೇಗೆ ಬಿಟ್ಟಿತು ಅಂತ ಮಾತ್ರ ಇತ್ತು. ಆಮೇಲೆ ಪ್ರತಿ ಫೈಲಿಗೂ ಒಂದು ನಂಬರ್ ಕೊಟ್ಟು, ಹೋದದ್ದು ಮತ್ತೆ ಹೋಗದ ಹಾಗೆ ತಡೆ ಹಾಕಿದರು. ಅದು 4 ವರ್ಷದಿಂದ ಅಲ್ಲೇ ಇದ್ದ ತೂತು. ಪ್ರತಿ ಸಲ ನಾನು ನೆನಪಿಟ್ಟುಕೊಂಡು ಕೈಯಾರೆ ನೋಡುತ್ತಿದ್ದೆ, ಅದಕ್ಕೇ ಯಾರಿಗೂ ಕಂಡಿರಲಿಲ್ಲ.

ಬನ್ನೇರುಘಟ್ಟ_ಬ್ಯಾಕೆಂಡ್

ಇದು ಒಪ್ಪುವ ಮಾತು ಅಕ್ಕ. ನಾನು ಈ ದಿಕ್ಕಿನಿಂದ ನೋಡಿರಲಿಲ್ಲ. ಆದರೂ ತಾರೀಕಿನ ಪ್ರಶ್ನೆ ನನಗೆ ಹಾಗೇ ಉಳಿಯಿತು.

ನಲವತ್ತೊಂದು

ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿ ಹೋಗುತ್ತಿದೆ, ಅದನ್ನು ಬಿಡಿಸಬೇಕು. ಟೆಕ್ ಲೀಡ್ ಬೇರೆ, ಇಂಜಿನಿಯರಿಂಗ್ ಮ್ಯಾನೇಜರ್ ಬೇರೆ. ಮ್ಯಾನೇಜರ್ ಜನರನ್ನು ನೋಡಿಕೊಳ್ಳುತ್ತಾರೆ: ಯಾರನ್ನು ಸೇರಿಸಬೇಕು, ರೇಟಿಂಗ್ ಏನು, ಯಾರು ಬೇಸತ್ತಿದ್ದಾರೆ. ಟೆಕ್ ಲೀಡ್ ಆ ಟೀಮಿನ ತಾಂತ್ರಿಕ ದಿಕ್ಕು ನೋಡಿಕೊಳ್ಳುತ್ತಾರೆ. ಜನರ ಕೆಲಸ ಬೇಡ ಅನ್ನುವವರಿಗೆ ಸ್ಟಾಫ್ ಇಂಜಿನಿಯರ್, ಪ್ರಿನ್ಸಿಪಲ್ ಇಂಜಿನಿಯರ್ ಅನ್ನುವ ಇನ್ನೊಂದು ದಾರಿ ಇದೆ, ಅಲ್ಲಿ ನಿಮ್ಮ ಕೆಳಗೆ ಯಾರೂ ರಿಪೋರ್ಟ್ ಮಾಡದೆಯೂ ನಾಲ್ಕೈದು ಟೀಮಿನ ಮೇಲೆ ನಿಮ್ಮ ಮಾತು ನಡೆಯುತ್ತದೆ.

ಹಾಗಾಗಿ ಕತ್ರಿಗುಪ್ಪೆ ಅವರೇ, ಮ್ಯಾನೇಜರ್ ಹತ್ತಿರ ಮೊದಲು ಕೇಳಬೇಕಾದ್ದು ಇದು: ಯಾವ ದಾರಿಯಲ್ಲಿ ನನ್ನನ್ನು ನೋಡುತ್ತಿದ್ದೀರಿ? ನಮ್ಮ ಕಂಪನಿಯಲ್ಲಿ ಪ್ರಿನ್ಸಿಪಲ್ ಎಷ್ಟು ಜನ ಇದ್ದಾರೆ, ಅದರಲ್ಲಿ ಬೆಂಗಳೂರಲ್ಲಿ ಎಷ್ಟು? ಎಷ್ಟೋ ಕಡೆ ಎರಡನೇ ದಾರಿ ಬರೀ ಕಾಗದದ ಮೇಲೆ ಇರುತ್ತದೆ. ಬೆಂಗಳೂರಿನಲ್ಲಿ ಒಬ್ಬರೂ ಇಲ್ಲ ಅಂದರೆ ಅದೂ ಒಂದು ಉತ್ತರವೇ.

ಕಾಫಿಡಿಕಾಕ್ಷನ್

ಟೆಕ್ನಿಕಲ್ ಅಂತ ಇಷ್ಟು ತಲೆ ಕೆಡಿಸಿಕೊಳ್ಳುವುದೇ ಬೇಡ. ಗೂಗಲ್‌ನವರು ಪ್ರಾಜೆಕ್ಟ್ ಆಕ್ಸಿಜನ್ ಅಂತ ಮಾಡಿ, ಒಳ್ಳೆಯ ಮ್ಯಾನೇಜರ್‌ಗೆ ಏನು ಬೇಕು ಅಂತ ಹುಡುಕಿದರು. 8 ಗುಣಗಳ ಪಟ್ಟಿಯಲ್ಲಿ ತಾಂತ್ರಿಕ ಜ್ಞಾನ ಕೊನೆಗೆ ಬಂತು. ಮೊದಲು ಬಂದದ್ದು ಒಳ್ಳೆಯ ಕೋಚ್ ಆಗಿರುವುದು. ಕೋಡ್ ಬಿಟ್ಟುಬಿಡಿ, ಜನರ ಜೊತೆ ಮಾತಾಡಿ.

ನಲವತ್ತೊಂದು

ಕಾಫಿ ಅವರೇ, ಅರ್ಧ ಮಾತ್ರ ಹೇಳಿದಿರಿ. ಕೊನೆಗೆ ಬಂದರೂ ಪಟ್ಟಿಯ ಒಳಗೇ ಬಂತು. ಗೂಗಲ್‌ನಲ್ಲಿ ಇಂಜಿನಿಯರಿಂಗ್ ಮ್ಯಾನೇಜರ್ ಆಗುವವರಿಗೆ ಆ ಜ್ಞಾನ ಮೊದಲೇ ಇರುತ್ತದೆ, ಎಲ್ಲರಿಗೂ ಇರುವುದು ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವುದಿಲ್ಲ. ಅದಕ್ಕೆ ಕೆಳಗೆ ಹೋಯಿತು. ಇದನ್ನು ಓದಿ ಕೋಡ್ ಗೊತ್ತಿಲ್ಲದವರೂ ಲೀಡ್ ಆಗಬಹುದು ಅಂತ ತಿಳಿದರೆ ಟೀಮ್ ಮುಳುಗುತ್ತದೆ.

ಇನ್ನೊಂದು ವಿಷಯ. ಅದೇ ಕಂಪನಿ 2002ರಲ್ಲಿ ಮ್ಯಾನೇಜರ್‌ಗಳೇ ಬೇಡ ಅಂತ ತೆಗೆದು ನೋಡಿತ್ತು. ಕೆಲವೇ ತಿಂಗಳು ನಡೆಯಿತು. ಸಣ್ಣ ಖರ್ಚಿನ ಬಿಲ್ಲು, ಇಬ್ಬರ ನಡುವಿನ ಜಗಳ, ಎಲ್ಲವೂ ನೇರ ಮೇಲಿನವರ ಬಾಗಿಲಿಗೆ ಹೋಗಲು ಶುರುವಾಯಿತು, ಮತ್ತೆ ಹಳೆಯದಕ್ಕೇ ಬಂದರು. ಅಂದರೆ ಈ ಕೆಲಸ ಸುಮ್ನೆ ಹುಟ್ಟಿದ್ದಲ್ಲ.

ಕಾಫಿಡಿಕಾಕ್ಷನ್

ಸರಿ, ಒಪ್ಪಿದೆ. ಬಿಟ್ಟುಬಿಡಿ ಅಂದದ್ದು ಜಾಸ್ತಿ ಆಯಿತು. ಕಮ್ಮಿ ಮಾಡಿ ಅನ್ನುತ್ತೇನೆ.

ಹಳೇಬೇರು

ನಾನು 27 ವರ್ಷದಿಂದ ಈ ಊರಿನಲ್ಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ನಮ್ಮ ಸೀನಿಯರ್‌ಗಳು 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಕಾಲವನ್ನು ನೋಡಿದವರು. ನಾನು ಸೇರಿದಾಗಲೂ ಹೇಗಿತ್ತು ಅಂದರೆ ಏನು ಮಾಡಬೇಕು ಅನ್ನುವುದು ಹೊರದೇಶದಲ್ಲಿ ತೀರ್ಮಾನ ಆಗುತ್ತಿತ್ತು, ಹೇಗೆ ಮಾಡಬೇಕು ಅನ್ನುವುದು ಇಲ್ಲಿ. ಅದಕ್ಕೇ ನಮ್ಮಲ್ಲಿ ಒಂದು ಅಭ್ಯಾಸ ಕೂತುಬಿಟ್ಟಿದೆ. ಕೊಟ್ಟ ಕೆಲಸವನ್ನು ಎಲ್ಲರಿಗಿಂತ ಬೇಗ, ಎಲ್ಲರಿಗಿಂತ ಚೆನ್ನಾಗಿ ಮುಗಿಸುವುದೇ ದೊಡ್ಡತನ ಅಂತ ನಂಬಿದ್ದೇವೆ. ಈಗ ಕೇಳುತ್ತಿರುವುದು ಬೇರೆ. ಈ ಕೆಲಸ ಮಾಡಲೇಬೇಕಾ, ಇದನ್ನು ಬಿಟ್ಟರೆ ಏನಾಗುತ್ತದೆ ಅಂತ ಕೇಳುವವರು ಬೇಕು. ನಿಮ್ಮ ಮ್ಯಾನೇಜರ್ ಹೇಳಲು ಹೊರಟಿದ್ದು ಇದೇ ಅಂತ ನನ್ನ ಅಂದಾಜು, ಅವರಿಗೆ ಬಿಡಿಸಿ ಹೇಳಲು ಬರಲಿಲ್ಲ.

ಬನ್ನೇರುಘಟ್ಟದ ತಮ್ಮನ ತಾರೀಕಿನ ಪ್ರಶ್ನೆಗೆ ಬರುತ್ತೇನೆ. ತಾರೀಕು ಹತ್ತಿರ ಬಂದಾಗ ಎಲ್ಲರೂ ಮಾಡುವುದು ಜನ ಸೇರಿಸುವುದು. ಐಬಿಎಂನ ಸಿಸ್ಟಮ್ 360ರ ಆಪರೇಟಿಂಗ್ ಸಿಸ್ಟಮ್ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು, ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ. ಲೆಕ್ಕ ನೋಡಿ. 5 ಜನ ಇದ್ದರೆ ಇಬ್ಬಿಬ್ಬರ ನಡುವೆ ಮಾತಾಡುವ ದಾರಿ 10. 10 ಜನ ಆದರೆ 45. ಜನ ಎರಡರಷ್ಟು, ಮಾತು ನಾಲ್ಕೂವರೆಯಷ್ಟು. ಆದ್ದರಿಂದ ಲೀಡ್ ಆದವನು ತಾರೀಕಿಗೆ ಎರಡು ತಿಂಗಳು ಇರುವಾಗಲೇ ಹೋಗಿ, ಈ ಮೂರು ಫೀಚರ್‌ನಲ್ಲಿ ಒಂದನ್ನು ಮುಂದಿನ ರಿಲೀಸ್‌ಗೆ ಹಾಕೋಣ ಅಂತ ಹೇಳಬೇಕು. ಕೊನೆಯ ವಾರ ರಾತ್ರಿ ಕೂತು ಮುಗಿಸುವವನನ್ನು ಎಲ್ಲರೂ ಹೊಗಳುತ್ತಾರೆ. ಎರಡು ತಿಂಗಳ ಮುಂಚೆ ಹೇಳುವವನ ಮೇಲೆ ಆ ದಿನ ಸಿಟ್ಟು ಮಾಡಿಕೊಳ್ಳುತ್ತಾರೆ. ಆ ಸಿಟ್ಟನ್ನು ತಡೆದುಕೊಳ್ಳುವುದೂ ಈ ಕೆಲಸದಲ್ಲೇ ಸೇರಿದೆ.

ಬನ್ನೇರುಘಟ್ಟ_ಬ್ಯಾಕೆಂಡ್

ಸಾರ್, ಎರಡು ತಿಂಗಳ ಮುಂಚೆ ಹೇಳಲು ಆ ಮೀಟಿಂಗಿಗೆ ನಮ್ಮನ್ನು ಕರೆಯಬೇಕಲ್ಲ.

ಹಳೇಬೇರು

ಕರೆಯುವುದಿಲ್ಲ. ಬರೆದು ಕಳಿಸಿ. ಒಂದು ಪುಟ ಸಾಕು. ಏನು ಸಮಸ್ಯೆ, ಯಾವ ಎರಡು ದಾರಿ ಇದೆ, ನಾನು ಯಾವುದನ್ನು ಹೇಳುತ್ತಿದ್ದೇನೆ, ಯಾಕೆ, ಅದರಿಂದ ಆಗುವ ನಷ್ಟ ಏನು. ಬರೆದದ್ದಕ್ಕೆ ಕಾಲಿದೆ, ನಾವಿಲ್ಲದ ಮೀಟಿಂಗಿಗೂ ಅದು ಹೋಗುತ್ತದೆ. ಅಮೆಜಾನ್‌ನಲ್ಲಿ 2004ರಲ್ಲಿ ಜೆಫ್ ಬೆಜೋಸ್ ತಮ್ಮ ಹಿರಿಯರ ಮೀಟಿಂಗಿನಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿ, ಬರೆದು ತನ್ನಿ ಎಂದರು. ಮೀಟಿಂಗ್ ಶುರುವಾದಾಗ ಎಲ್ಲರೂ ಮೊದಲು ಸುಮ್ಮನೆ ಕೂತು ಓದುತ್ತಾರೆ, ಆಮೇಲೆ ಮಾತು.

ಬಯಲುಸೀಮೆ

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನದಿಂದ ಯೋಚನೆ ಮಾಡುತ್ತಿದ್ದೆ. ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಕೆಲಸ ಬರುತ್ತದೆ, 9 ವರ್ಷ ಆಯಿತು, ಆದರೆ ದೊಡ್ಡ ಮೀಟಿಂಗಿನಲ್ಲಿ ಇಂಗ್ಲಿಷ್‌ನಲ್ಲಿ ವಾದ ಮಾಡುವಾಗ ಮಾತು ಹಿಂದೆ ಉಳಿಯುತ್ತದೆ. ನಾನು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಅದೇ ವಿಷಯ ಹೇಳಿ ಮುಗಿಸಿರುತ್ತಾರೆ. ಎರಡು ಸಲ ಲೀಡ್ ಆಗುವ ಅವಕಾಶ ಹೋಯಿತು. ಎರಡು ಸಲವೂ ಕಮ್ಯುನಿಕೇಷನ್ ಅಂತ ಕಾರಣ ಕೊಟ್ಟರು. ಲೀಡರ್ ಅಂದರೆ ಚೆನ್ನಾಗಿ ಮಾತಾಡುವವನು ಅಂತಲೇ ಆದರೆ ನಮ್ಮಂಥವರು ಎಲ್ಲಿ ಹೋಗಬೇಕು?

ಸಂಜೆಮಲ್ಲಿಗೆ

ಬರೆದದ್ದು ಒಳ್ಳೆಯದಾಯಿತು. ನನ್ನ ಟೀಮಿನಲ್ಲಿ ನಿಮ್ಮ ಹಾಗೇ ಒಬ್ಬರಿದ್ದರು. ಹಳೇಬೇರು ಸಾರ್ ಹೇಳಿದ ಒಂದು ಪುಟದ ದಾರಿ ಅವರಿಗೆ ತುಂಬ ಕೆಲಸ ಮಾಡಿತು. ಮೀಟಿಂಗಿಗೆ ಒಂದು ದಿನ ಮುಂಚೆ ತಮ್ಮ ಅಭಿಪ್ರಾಯ ಬರೆದು ಕಳಿಸುತ್ತಿದ್ದರು, ಮೀಟಿಂಗಿನಲ್ಲಿ ಎಲ್ಲರೂ ಅವರ ಪುಟದ ಮೇಲೆ ಮಾತಾಡುತ್ತಿದ್ದರು. ಅವರು ನಾಲ್ಕು ಮಾತು ಆಡಿದರೆ ಸಾಕಾಗುತ್ತಿತ್ತು.

ಇದರಲ್ಲಿ ನಡೆಸುವವರ ತಪ್ಪೂ ಇದೆ. ನಾನು ಈಗ ಪ್ರತಿ ಮೀಟಿಂಗಿನಲ್ಲಿ ಕೊನೆಗೆ, ಇನ್ನೂ ಮಾತಾಡದವರು ಯಾರು ಅಂತ ನೋಡಿ ಹೆಸರು ಹಿಡಿದು ಕೇಳುತ್ತೇನೆ. ಎಲ್ಲರೂ ಕನ್ನಡದವರೇ ಇದ್ದರೆ ವೈಟ್‌ಬೋರ್ಡ್ ಮುಂದೆ ಕನ್ನಡದಲ್ಲೇ ವಾದ ಮಾಡುತ್ತೇವೆ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆದಿಡುತ್ತೇವೆ.

ನಲವತ್ತೊಂದು

ಬಯಲುಸೀಮೆ, ಮುಂದಿನ ಸಲ ಕಮ್ಯುನಿಕೇಷನ್ ಅಂದರೆ ಬಿಡಬೇಡಿ. ಯಾವ ಮೀಟಿಂಗ್, ಯಾವ ಮಾತು, ಏನು ಬೇರೆ ಇರಬೇಕಿತ್ತು ಅಂತ ಕೇಳಿ. ಉದಾಹರಣೆ ಕೊಡಲು ಬರದಿದ್ದರೆ ಅದು ಕಾರಣವೇ ಅಲ್ಲ.

ಬಯಲುಸೀಮೆ

ಅಕ್ಕ, ನಲವತ್ತೊಂದು ಅವರೇ, ತುಂಬ ಧನ್ಯವಾದ. ಗುರುವಾರ ಒಂದು ಡಿಸೈನ್ ರಿವ್ಯೂ ಇದೆ. ಬುಧವಾರವೇ ಬರೆದು ಕಳಿಸುತ್ತೇನೆ.

ರಾತ್ರಿಪಾಳಿ

ಎಲ್ಲ ಸರಿ, ರಾತ್ರಿ ಕಾಲ್‌ಗಳ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಲೀಡ್ ಆದ ತಕ್ಷಣ ಕ್ಯಾಲಿಫೋರ್ನಿಯಾದವರ ಬೆಳಿಗ್ಗೆ 9 ಗಂಟೆ ನಮ್ಮ ರಾತ್ರಿ 9.30 ಆಗುತ್ತದೆ, ಅವರು ನವೆಂಬರ್‌ನಲ್ಲಿ ಗಡಿಯಾರ ಹಿಂದೆ ಮಾಡಿದರೆ ನಮಗೆ 10.30. ಮಕ್ಕಳು ಮಲಗುವ ಹೊತ್ತು. ವಾರಕ್ಕೆ ನಾಲ್ಕು ದಿನ ಹೀಗಾದರೆ ಮಾರನೇ ದಿನ ಟೀಮಿಗೆ ಏನು ಕೊಡಲು ಆಗುತ್ತದೆ?

ತುಮಕೂರು_ಪ್ಯಾಸೆಂಜರ್

ವಾರಕ್ಕೆ ಎರಡು ದಿನ ಅಂತ ನಾನೇ ಬರೆದು ಕೇಳಿದೆ. ಒಂದು ವಾರ ನಾವು ರಾತ್ರಿ ಕೂರುತ್ತೇವೆ, ಮುಂದಿನ ವಾರ ಅವರು ತಮ್ಮ ರಾತ್ರಿಯಲ್ಲಿ ಬರಲಿ, ಆಗ ನಮಗೆ ಬೆಳಿಗ್ಗೆ. ಒಪ್ಪಿದರು. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ ಅಷ್ಟೇ.

ಕಾಫಿಡಿಕಾಕ್ಷನ್

ವಿಷಯ ಬಿಟ್ಟು ಒಂದು ಮಾತು. ಕತ್ರಿಗುಪ್ಪೆಯಿಂದ ರಿಂಗ್ ರೋಡಿಗೆ ದಿನಾ ಹೇಗೆ ಹೋಗುತ್ತೀರಿ ನೀವು? ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ನಾನು ಬನಶಂಕರಿಯಲ್ಲಿ ಹತ್ತಿ, ಮುಂದಿನ ಸ್ಟೇಷನ್ ಆರ್.ವಿ. ರಸ್ತೆಯಲ್ಲಿ ಬದಲಾಯಿಸಿ, ಸಿಲ್ಕ್ ಬೋರ್ಡ್‌ನಲ್ಲಿ ಇಳಿಯುತ್ತೇನೆ. ಅಲ್ಲಿಂದ ಬಸ್. ಕಾರಿನಲ್ಲಿ ಸ್ಟೀರಿಂಗ್ ಹಿಡಿದು ಕೂರುವ ಬದಲು ಆ ಹೊತ್ತಿನಲ್ಲಿ ಎರಡು ರಿವ್ಯೂ ಓದಿ ಮುಗಿಸುತ್ತೇನೆ.

ಬನ್ನೇರುಘಟ್ಟ_ಬ್ಯಾಕೆಂಡ್

ಸಿಲ್ಕ್ ಬೋರ್ಡ್‌ನಿಂದ ಮುಂದೆ ಬಸ್ಸಲ್ಲೇ ತಾನೇ ಕಷ್ಟ. ರಿಂಗ್ ರೋಡ್ ಮೆಟ್ರೊ ಬರುವವರೆಗೂ ಅದು ಹೀಗೇ.

ಹೊಸಚಿಗುರು

ನಾನು 3 ವರ್ಷದ ಅನುಭವದವನು. ದೊಡ್ಡವರ ಮಾತಿನಲ್ಲಿ ಬಂದದ್ದಕ್ಕೆ ಕ್ಷಮಿಸಿ. ಈಗ ಎಐ ಕೋಡ್ ಬರೆಯುತ್ತದೆ, ಮಧ್ಯದ ಮ್ಯಾನೇಜರ್‌ಗಳನ್ನು ಹಲವು ಕಂಪನಿಗಳು ಕಮ್ಮಿ ಮಾಡುತ್ತಿವೆ. ಈ ದಾರಿಯೇ ಮುಚ್ಚಿ ಹೋಗುತ್ತಿದೆಯಾ?

ಹಳೇಬೇರು

ಕ್ಷಮೆ ಯಾಕಪ್ಪ, ಒಳ್ಳೆಯ ಪ್ರಶ್ನೆ. ಬರೀ ಸ್ಟೇಟಸ್ ಕೇಳಿ ಮೇಲೆ ದಾಟಿಸುವ ಕೆಲಸ ಹೋಗುತ್ತದೆ, ಹೋಗಬೇಕು ಕೂಡ. ಆದರೆ ಕೋಡ್ ಬೇಗ ಬರೆದಷ್ಟೂ, ಯಾವುದನ್ನು ಬರೆಯಬೇಕು ಮತ್ತು ಬರೆದದ್ದು ಸರಿಯಿದೆಯಾ ಅಂತ ನೋಡುವ ಕೆಲಸ ಜಾಸ್ತಿ ಆಗುತ್ತದೆ. ಹಣ ಕಟ್ ಆಗಿ ಆರ್ಡರ್ ಬರದಿದ್ದಾಗ ಯಂತ್ರ ಬರೆಯಿತು ಅಂತ ಹೇಳಿದರೆ ಗ್ರಾಹಕರು ಕೇಳುವುದಿಲ್ಲ. ಒಬ್ಬರು ಹೊಣೆ ಹೊರಬೇಕು. ನೀನು ಈಗಲೇ ಬೇರೆಯವರ ಕೋಡ್ ಓದುವುದನ್ನು ಚೆನ್ನಾಗಿ ಕಲಿ.

ಕತ್ರಿಗುಪ್ಪೆ_ಕೋಡರ್

ಮೂರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಸಂಜೆಮಲ್ಲಿಗೆ ಮೇಡಂ ಮಾಡಿದ ಹಾಗೆ ಹಾಳೆ ತೆಗೆದುಕೊಂಡು ಬರೆದೆ. ನನಗೊಬ್ಬನಿಗೇ ಗೊತ್ತಿರುವುದು 23 ಬಂತು. ಅದರಲ್ಲಿ ಅತಿ ಕಷ್ಟದ್ದು ರೀಟ್ರೈ ಕೋಡ್. ಬ್ಯಾಂಕ್ ಉತ್ತರ ಕೊಡದೆ ಟೈಮ್‌ಔಟ್ ಆದರೆ ಹಣ ಹೋಯಿತೋ ಇಲ್ಲವೋ ನಮಗೆ ಗೊತ್ತಾಗುವುದಿಲ್ಲ, ಮತ್ತೆ ಕಳಿಸಿದರೆ ಎರಡು ಸಲ ಕಟ್ ಆಗಬಹುದು. ಅದಕ್ಕೆ ಪ್ರತಿ ಪಾವತಿಗೂ ಒಂದು ಕೀ ಇಟ್ಟು, ಅದೇ ಕೀ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡುತ್ತೇವೆ. ಇದನ್ನು ಹೊಸದಾಗಿ ಬರೆಯಬೇಕಿತ್ತು. ನನ್ನ ರಾತ್ರಿ ಕೆಲಸದ ಪಟ್ಟಿಯಲ್ಲಿ ಮೊದಲನೆಯದು ಇದೇ.

ಟೀಮಿನಲ್ಲಿ ಹಾಸನದ ಕಡೆಯ ಒಬ್ಬ ಹುಡುಗಿ ಇದ್ದಾಳೆ, 4 ವರ್ಷದ ಅನುಭವ, ಮೀಟಿಂಗಿನಲ್ಲಿ ಮಾತು ಕಮ್ಮಿ. ಅವಳಿಗೆ ಕೊಟ್ಟೆ. ಮೊದಲು ಒಂದು ಪುಟ ಬರೆದುಕೊಂಡು ಬಾ ಎಂದೆ. 5 ದಿನ ಅಲ್ಲ, 8 ದಿನ ಆಯಿತು. ಮ್ಯಾನೇಜರ್‌ಗೆ ಮೊದಲೇ ಹೇಳಿ ಒಂದು ಸಣ್ಣ ಫೀಚರ್ ಮುಂದಕ್ಕೆ ಹಾಕಿಸಿದ್ದೆ, ಅವರಿಗೆ ಖುಷಿಯೇನೂ ಆಗಲಿಲ್ಲ, ಆದರೆ ಒಪ್ಪಿದರು. ಮೂರನೇ ದಿನ ರಾತ್ರಿ ತಡೆಯಲಾರದೆ ಲ್ಯಾಪ್‌ಟಾಪ್ ತೆಗೆದು, ಅವಳ ಬ್ರಾಂಚ್, ಅಂದರೆ ಅವಳು ಬರೆಯುತ್ತಿದ್ದ ಕೋಡಿನ ಪ್ರತಿ, ನೋಡಿ, ಏನೂ ಬರೆಯದೆ ಮುಚ್ಚಿದೆ.

ಅವಳು ತಂದ ಪುಟದಲ್ಲಿ ಒಂದು ಪ್ರಶ್ನೆ ಇತ್ತು. ನಾವು ಕೀಯನ್ನು 24 ಗಂಟೆ ಇಟ್ಟು ಅಳಿಸುತ್ತೇವೆ, ಸಾಲು ರಜೆ ಬಂದು ಬ್ಯಾಂಕಿನ ಫೈಲ್ ಮೂರು ದಿನ ಬಿಟ್ಟು ಬಂದರೆ ಆ ನಡುವೆ ಮತ್ತೆ ಕಳಿಸಿದ ಪಾವತಿಯನ್ನು ಯಾರು ತಡೆಯುತ್ತಾರೆ? 4 ವರ್ಷ ಆ ಕೋಡ್ ನೋಡಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ. ಈಗ ಅದನ್ನೂ ಸೇರಿಸಿ ಬರೆದಿದ್ದಾಳೆ. ಮುಂದಿನ ಬುಧವಾರ ರಿಲೀಸ್, ಅವಳೇ ಮಾಡುತ್ತಾಳೆ.

ಸಂಜೆಮಲ್ಲಿಗೆ

ಓದಿ ತುಂಬ ಸಂತೋಷ ಆಯಿತು. ರಿವ್ಯೂನಲ್ಲಿ ಆ ಪ್ರಶ್ನೆ ಅವಳದ್ದು ಅಂತ ಎಲ್ಲರ ಮುಂದೆ ಹೇಳಿದಿರಾ?

ಕತ್ರಿಗುಪ್ಪೆ_ಕೋಡರ್

ಹೇಳಿದೆ ಮೇಡಂ. ಮ್ಯಾನೇಜರ್‌ಗೂ ಮೇಲ್‌ನಲ್ಲಿ ಅವಳ ಹೆಸರು ಹಾಕಿ ಬರೆದೆ.

ಬಯಲುಸೀಮೆ

ಅಣ್ಣ, ಆ ಒಂದು ಪುಟ ಹೇಗೆ ಬರೆಸಿದಿರಿ, ನಮೂನೆ ಇದ್ದರೆ ಇಲ್ಲಿ ಹಾಕುತ್ತೀರಾ? ಗುರುವಾರದ್ದು ನಾನು ಬರೆದದ್ದು ನಾಲ್ಕು ಪುಟ ಆಯಿತು. ಎಲ್ಲರೂ ಓದಿಕೊಂಡು ಬಂದಿದ್ದರು, ಆದರೆ ಇನ್ನೂ ಚಿಕ್ಕದು ಮಾಡಬೇಕು.

ಕತ್ರಿಗುಪ್ಪೆ_ಕೋಡರ್

ಕಂಪನಿಯ ವಿಷಯ ತೆಗೆದು ನಾಳೆ ಹಾಕುತ್ತೇನೆ. ಈಗ 9.30 ಆಯಿತು, ಮಗನಿಗೆ ಕಥೆ ಹೇಳುವ ಹೊತ್ತು.